ಟೈಲ್ಸ್ ಮೇಲೆ ಜಾರುವ ಬ್ರೇಕು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಯಾರಾದರೂ ತಮ್ಮನ್ನು ಹೊಗಳಲು ಬಾಯಿ ತೆರೆದರೆ ಸಾಕು, “ಸುಮ್ನಿರಪ್ಪ, ದೃಷ್ಟಿ ಆಗತ್ತೆ” ಎಂದು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಅಷ್ಟು ದಿನ ಒಡನಾಡಿದರೂ ನಾನು ಅವರನ್ನು ಹೆಸರು ಹಿಡಿದು ಕರೆದವನಲ್ಲ. ನನಗೆ ಅವರು ಆಂಟಿ, ಅವರ ಯಜಮಾನರು ಅಂಕಲ್. ಕಳೆದ ತಿಂಗಳು ಪರ್ತ್‌ನ ವಿಲೆಟನ್‌ನಿಂದ ಅವರ ಮಗಳು ಫೋನ್ ಮಾಡಿ, “ಅಮ್ಮ ಹೋಗ್ಬಿಟ್ರು ಕಣೋ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ರು, ಅಷ್ಟೇ” ಎಂದಳು. ನಾನು ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿ, ನಮ್ಮ ಮನೆಯ ಒಲೆಯ ಮುಂದೆ ನಿಂತಿದ್ದೆ. ಒಗ್ಗರಣೆ ಸೀದು ಕರಿಯಾಯಿತು. ಒಲೆ ಆರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆಂಟಿ ಎಂದರೆ ಮೊದಲು ನನ್ನ ಕಣ್ಣಿಗೆ ಕಟ್ಟುವುದು ಅವರ ಕಾಲು. ನೂಲಿನ ಸೀರೆ, ಅದರ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ. ಅಡಿಲೇಡ್‌ನ ಚಳಿಗೆಂದು ಮಗಳು ಕೊಡಿಸಿದ್ದು. ಮನೆಗೆ ಬಂದರೆ ಶೂ ಬಾಗಿಲಲ್ಲೇ ಬಿಚ್ಚಿ ಬರಿಗಾಲಲ್ಲಿ ಓಡಾಡುವರು. “ಕಾಲಿಗೆ ನೆಲ ಗೊತ್ತಾಗ್ಬೇಕು ಕಣಪ್ಪ” ಎನ್ನುವರು. ಮೈಸೂರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕ್ರಾಫ್ಟ್ ಟೀಚರ್ ಆಗಿದ್ದವರು. ಸೂಜಿ, ಸೌಟು, ಸ್ಕ್ರೂಡ್ರೈವರ್ ಎಲ್ಲವೂ ಅವರ ಕೈಗೆ ಒಂದೇ. ನನ್ನ ಮನೆಯ ಬಾಗಿಲ ಹಿಡಿ ಸಡಿಲವಾಗಿ ನಾಲ್ಕು ತಿಂಗಳಾಗಿತ್ತು, ನಾನು ಹಾಗೇ ಬಿಟ್ಟಿದ್ದೆ. ಸಾರು ಕೊಡಲು ಬಂದ ಆಂಟಿ ಪಾತ್ರೆಯನ್ನು ನನ್ನ ಕೈಗಿತ್ತು, ಚಾಕುವಿನ ತುದಿಯಿಂದ ಎರಡೇ ನಿಮಿಷದಲ್ಲಿ ಅದನ್ನು ಬಿಗಿಮಾಡಿದರು. “ಇಂಜಿನಿಯರ್ ಅಂತೆ, ಇಂಜಿನಿಯರ್ರು!” ಎಂದು ಗೊಣಗಿದ್ದು ನನಗೆ ಕೇಳಿಸಲಿ ಎಂದೇ.

ಇದು ಎರಡು ಸಾವಿರದ ಹದಿಮೂರು, ಹದಿನಾಲ್ಕರ ಮಾತು. ಅಡಿಲೇಡ್‌ನಲ್ಲಿ ಒಂದೇ ಕಾಂಪೌಂಡಿನೊಳಗೆ ಸಾಲಾಗಿ ನಾಲ್ಕು ಬಾಡಿಗೆ ಮನೆ. ಮೂರನೆಯದು ನನ್ನದು, ನಾಲ್ಕನೆಯದು ಅವರದು. ಮಗಳು ಮೊದಲು ಅಡಿಲೇಡ್‌ನಲ್ಲೇ ಇದ್ದಳು, ಅಪ್ಪ ಅಮ್ಮನನ್ನು ಅಲ್ಲಿಗೇ ಕರೆಸಿಕೊಂಡಿದ್ದಳು. ಆಮೇಲೆ ಗಂಡನ ಕೆಲಸಕ್ಕೆಂದು ಪರ್ತ್‌ಗೆ ಹೋಗಬೇಕಾಯಿತು. ಅಷ್ಟರಲ್ಲಿ ಅಂಕಲ್‌ಗೆ ಎರಡೂ ಕಿಡ್ನಿ ಕೈಕೊಟ್ಟು, ಬೆಡ್‌ಫರ್ಡ್ ಪಾರ್ಕ್‌ನ ದೊಡ್ಡಾಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಗಿತ್ತು. “ಇಲ್ಲಿನ ನರ್ಸ್‌ಗಳಿಗೆ ನನ್ನ ಕೈ ನರ ಎಲ್ಲಿದೆ ಅಂತ ಗೊತ್ತು. ಹೊಸಬರ ಹತ್ರ ಚುಚ್ಚಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ” ಎಂದು ಅಂಕಲ್ ಪರ್ತ್‌ಗೆ ಹೋಗಲು ಒಪ್ಪಲಿಲ್ಲ.

ಆಸ್ಪತ್ರೆಗೆ ಕಾರಿನಲ್ಲಿ ಇಪ್ಪತ್ತೈದು ನಿಮಿಷ. ಡಯಾಲಿಸಿಸ್ ಮುಗಿದ ಮೇಲೆ ಅಂಕಲ್‌ಗೆ ತಲೆಸುತ್ತು, ಕೆಲವು ದಿನ ವಾಂತಿ. ಕಾರು ಓಡಿಸಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಟ್ಯಾಕ್ಸಿ ಎಂದರೆ ಅಂಕಲ್ ಮುದುಡಿಹೋಗುತ್ತಿದ್ದರು. “ಯಾರದೋ ಕಾರಲ್ಲಿ ವಾಂತಿ ಮಾಡ್ಕೊಂಡು, ಅವನು ತಿರುಗಿ ಒಂದು ನೋಟ ನೋಡ್ತಾನಲ್ಲ, ಅದು ಬೇಡಪ್ಪ” ಎನ್ನುತ್ತಿದ್ದರು. ಒಮ್ಮೆ ಹಾಗೆ ಆಗಿತ್ತಂತೆ. ಆ ದಿನವೆಲ್ಲ ಅವರು ಯಾರೊಡನೆಯೂ ಮಾತಾಡಲಿಲ್ಲವೆಂದು ಆಂಟಿ ಹೇಳಿದ್ದರು.

ಹಾಗಾಗಿ ನಾನು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ನನ್ನ ಕಾರಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಬಿಟ್ಟು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಮನೆಗೆ ಕರೆತರುತ್ತಿದ್ದೆ. ಅಂಕಲ್‌ರ ಹಳೆಯ ಆಟೊಮ್ಯಾಟಿಕ್ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಪುಣ್ಯ ಬರಲಿ ಎಂದು ನಾನಿದನ್ನು ಶುರುಮಾಡಿದ್ದಲ್ಲ, ಸುಳ್ಳು ಯಾಕೆ ಹೇಳಲಿ? ಒಂಟಿಯಾಗಿದ್ದವನು, ಆಂಟಿಯ ಹುಳಿ ಪಲ್ಯಕ್ಕೆ ಸೋತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಆ ನೆಪವೂ ಬೇಕಾಗಿರಲಿಲ್ಲ.

ಹೀಗಿರುವಾಗ ಬ್ರಿಸ್ಬೇನ್‌ನಲ್ಲಿ ನನಗೊಂದು ಕೆಲಸ ಸಿಕ್ಕಿತು. ಒಳ್ಳೆಯ ಕೆಲಸ, ವೀಸಾಕ್ಕೂ ಅನುಕೂಲ. ಹತ್ತು ವಾರದೊಳಗೆ ಸೇರಬೇಕು. ಇವರಿಗೆ ಹೇಳಲು ನಾಲಿಗೆ ಹೊರಳಲಿಲ್ಲ. ನಾಲ್ಕನೆಯ ದಿನ ಆಂಟಿಯೇ ಹಿಡಿದರು.

“ಏನೋ ಮುಚ್ಚಿಡ್ತಿದ್ದೀಯ ನೀನು. ಮೂರು ದಿನದಿಂದ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳಿಲ್ಲ.”

ಹೇಳಿದೆ. ಅಂಕಲ್ ಪೇಪರಿನಿಂದ ತಲೆಯೆತ್ತಲಿಲ್ಲ. ಆಂಟಿ ಲೋಟ ತೊಳೆಯುತ್ತಲೇ, “ಹೋಗಪ್ಪ, ಹೋಗ್ದೆ ಇರೋಕಾಗತ್ತಾ? ನಾನು ಕಾರು ಕಲಿತೀನಿ” ಎಂದರು.

“ಆಂಟಿ, ನಿಮಗೆ ಡ್ರೈವಿಂಗ್ ಬರಲ್ಲ.”

“ಬರಲ್ಲ ಅಂತ ನಿನಗೆ ಗೊತ್ತು. ನನ್ನ ಲೈಸೆನ್ಸ್‌ಗೆ ಗೊತ್ತಿಲ್ಲವಲ್ಲ!”

ಲೈಸೆನ್ಸ್ ಇತ್ತು. ಮದುವೆಯಾದ ಹೊಸತರಲ್ಲಿ ಅಂಕಲ್ ಹಟ ಹಿಡಿದು ಮಾಡಿಸಿದ್ದು. ಮೈದಾನದಲ್ಲಿ ಎರಡು ಸುತ್ತು ಹೊಡೆದು ತೆಗೆದುಕೊಂಡದ್ದನ್ನು ಆಂಟಿ ತಪ್ಪದೆ ನವೀಕರಿಸುತ್ತ ಬಂದಿದ್ದರು, ಕಾರನ್ನು ಮಾತ್ರ ಮುಟ್ಟಿರಲಿಲ್ಲ. ನಮ್ಮ ಕಡೆ ಅದೆಷ್ಟೋ ಜನರ ಲೈಸೆನ್ಸು ಹೀಗೇ, ಪರ್ಸಿನೊಳಗೆ ಕೂತು ಕಾರು ಓಡಿಸುತ್ತಿರುತ್ತದೆ. ಅದು ಇದ್ದದ್ದರಿಂದ ಇಲ್ಲಿ ಒಂದು ಬರೆಯುವ ಪರೀಕ್ಷೆ, ಒಂದು ರಸ್ತೆಯ ಪರೀಕ್ಷೆ ಪಾಸಾದರೆ ಸಾಕಿತ್ತು. ಬರೆಯುವ ಪರೀಕ್ಷೆಯಲ್ಲಿ ಆಂಟಿ ಒಂದು ತಪ್ಪನ್ನೂ ಮಾಡಲಿಲ್ಲ. ಟೀಚರಲ್ಲವೇ.

ರಸ್ತೆಯ ಕತೆ ಬೇರೆ. ಮೊದಲ ದಿನ ಅಂಕಲ್‌ರ ಕಾರಿನಲ್ಲಿ ನಾನು ಪಕ್ಕದಲ್ಲಿ ಕೂತು ಶೆಡ್ಡಿನಿಂದ ಹಿಂದಕ್ಕೆ ತೆಗೆಸಿದೆ. ಬ್ರೇಕ್ ಎಂದು ಆಕ್ಸಿಲರೇಟರ್ ಒತ್ತಿದರು. ಹಿಂದೆ ಸಾಲಾಗಿ ನಿಂತಿದ್ದ ಮೂರು ಕಸದ ಡಬ್ಬಿಗಳು ಉರುಳಿ ಬೀದಿಗೆ ಹೋದವು. ನಾನು ಸ್ವಲ್ಪ ಸಿಡುಕ, ಕೂಗಾಡಿಬಿಟ್ಟೆ. ಆಂಟಿ ಇಳಿದು, ಚೆಲ್ಲಿದ ಕಸವನ್ನೆಲ್ಲ ಬಾಚಿ ತುಂಬಿದರು. “ಡಬ್ಬಿ ಜಾಗದಲ್ಲಿ ಮಕ್ಕಳಿದ್ದಿದ್ರೆ?” ಎಂದಷ್ಟೇ ಕೇಳಿದರು. ಆಮೇಲೆ ಒಂದು ವಾರ ಕಾರಿನ ಬಳಿ ಸುಳಿಯಲಿಲ್ಲ.

ಎಂಟನೆಯ ದಿನ ನನ್ನ ಬಾಗಿಲು ತಟ್ಟಿದರು. “ಆ ನಿನ್ನ ಆಟದ ಕಾರಲ್ಲಿ ಗುದ್ದಿದ್ರೆ ಯಾರಿಗೂ ಏಟಾಗಲ್ಲ ಅಲ್ವಾ?”

ನನಗೆ ಆಗ ಕಂಪ್ಯೂಟರಿನಲ್ಲಿ ಕಾರು ಓಡಿಸುವ ರೇಸಿಂಗ್ ಸಿಮ್ಯುಲೇಟರ್‌ನ ಹುಚ್ಚು. ಮೇಜಿಗೆ ಕಚ್ಚಿಸಿದ ಸ್ಟೀರಿಂಗು, ಎದುರಿಗೆ ದೊಡ್ಡ ಪರದೆ, ಕೆಳಗೆ ನೆಲದ ಮೇಲೆ ಆಕ್ಸಿಲರೇಟರೂ ಬ್ರೇಕೂ ಇರುವ ಪೆಡಲ್ ಪೆಟ್ಟಿಗೆ. ಅದರ ಬ್ರೇಕು ನಿಜವಾದ ಕಾರಿನದಕ್ಕಿಂತಲೂ ಗಟ್ಟಿ, ಮೈಭಾರ ಹಾಕಿ ಒತ್ತಬೇಕು. ನಮ್ಮ ಮನೆಯ ನೆಲವೋ ಕನ್ನಡಿಯಂಥ ಟೈಲ್ಸು. ಒತ್ತಿದರೆ ಪೆಟ್ಟಿಗೆ ಮುಂದಕ್ಕೆ ಜಾರುತ್ತಿತ್ತು, ಆಫೀಸ್ ಕುರ್ಚಿಯ ಗಾಲಿಗಳು ಹಿಂದಕ್ಕೆ ಓಡುತ್ತಿದ್ದವು, ನಡುವೆ ನಾನು ಅರ್ಧ ಮಲಗಿರುತ್ತಿದ್ದೆ. ಪೆಟ್ಟಿಗೆಯ ಕೆಳಗೆ ರಬ್ಬರ್ ಮ್ಯಾಟು ಹಾಕಿದೆ, ಮ್ಯಾಟೇ ಜಾರಿತು. ಯೋಗ ಮ್ಯಾಟು ಹಾಕಿದೆ, ಅದು ಮುದ್ದೆಯಾಗಿ ಸುತ್ತಿಕೊಂಡಿತು. ಗಾಲಿಗಳಿಗೆ ನನ್ನ ಹಳೇ ಬೂಟು ತೊಡಿಸಿದೆ. ಪೆಟ್ಟಿಗೆಗೂ ಗೋಡೆಗೂ ನಡುವೆ ಮರದ ತುಂಡು ಕೊಟ್ಟೆ, ಗೋಡೆಯ ಬುಡದ ಪಟ್ಟಿಯಲ್ಲಿ ತಗ್ಗು ಬಿತ್ತು. ಬಾಡಿಗೆ ಮನೆ. ಮೂರು ತಿಂಗಳಿಗೊಮ್ಮೆ ಏಜೆಂಟಮ್ಮ ಬಂದು ಗೋಡೆ, ನೆಲವನ್ನೆಲ್ಲ ಬೆರಳಿಂದ ಸವರಿ ನೋಡುವಳು. ನೆಲಕ್ಕೆ ಮೊಳೆ ಹೊಡೆಯುವ ಮಾತೇ ಇಲ್ಲ.

ಆಂಟಿ ಶೂ ಬಿಚ್ಚಿಟ್ಟು, ಸೀರೆಯ ನೆರಿಗೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಸ್ಟೀರಿಂಗಿಗೆ ಕೈಮುಗಿದು ಕೂತರು. ಮೊದಲ ಸಲ ಬ್ರೇಕ್ ಒತ್ತಿದಾಗಲೇ ಪೆಟ್ಟಿಗೆ ಸರ್ರನೆ ಹೋಗಿ ಗೋಡೆಗೆ ಬಡಿಯಿತು. ನನ್ನ ಕಣ್ಣು ಹೋದದ್ದು ಗೋಡೆಯ ಪಟ್ಟಿಯ ಕಡೆಗೆ.

“ಮೆತ್ತಗೆ ಒತ್ತಿ ಆಂಟಿ, ಮೆತ್ತಗೆ! ಜಾರತ್ತೆ” ಎಂದೆ.

ಈ ಮಾತನ್ನು ನಾನು ಆಮೇಲೆ ಅದೆಷ್ಟು ಸಲ ಹೇಳಿದೆನೋ. ಆಂಟಿ ಹೇಳಿದ್ದನ್ನು ಕೇಳುವ ಶಿಷ್ಯೆ. ಮೆತ್ತಗೆ ಒತ್ತುವುದನ್ನು ಕಲಿತರು.

ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ವೇಗದ ರೇಸ್ ಕಾರನ್ನು ಆಂಟಿ ನಲವತ್ತರಲ್ಲಿ ಓಡಿಸುವರು. “ಇಂಡಿಕೇಟರ್ ಎಲ್ಲಿದೆಯೋ ಇದಕ್ಕೆ?” ಎಂದು ಪ್ರತಿ ತಿರುವಿನಲ್ಲೂ ಹುಡುಕುವರು. ಹಿಂದಿನಿಂದ ಕಾರು ಬಂದರೆ ಬದಿಗೆ ನಿಲ್ಲಿಸಿ, “ಹೋಗ್ಲಿ ಪಾಪ, ಅವನಿಗೇನು ಅವಸರವೋ” ಎಂದು ದಾರಿ ಬಿಡುವರು. ಯಾರಿಗಾದರೂ ತಾಗಿಸಿದರೆ ಪರದೆಗೆ ಸಾರಿ ಹೇಳುವರು. ಆಟದ ನಿಯಮದ ಪ್ರಕಾರ ಪ್ರತಿ ಸಲವೂ ಅನರ್ಹ. “ಅನರ್ಹ ಅಂದ್ರೆ ಅನ್ಲಿ, ಮನೆಗಂತೂ ಸುರಕ್ಷಿತವಾಗಿ ಬಂದ್ನಲ್ಲ” ಎನ್ನುವರು. ಅಂಕಲ್ ಸೋಫಾದ ಮೇಲೆ ಕೂತು, “ನೋಡೇ, ಆಮೆ ಹಿಂದಿನಿಂದ ಹಾರ್ನ್ ಹೊಡೀತಿದೆ” ಎಂದು ಕಾಲೆಳೆಯುವರು. ಆದರೆ ಎರಡು ವಾರದಲ್ಲಿ ಆಂಟಿಯ ಹೆದರಿಕೆ ಹೋಯಿತು. ಯಾವ ಪೆಡಲು ಎಲ್ಲಿದೆ ಎಂಬುದು ಕಾಲಿಗೆ ಗೊತ್ತಾಯಿತು.

ಡ್ರೈವಿಂಗ್ ಕಲಿಸುವವನೊಬ್ಬನನ್ನು ಗೊತ್ತುಮಾಡಿ ನಿಜವಾದ ರಸ್ತೆಗೂ ಇಳಿದರು. ಅವನು ಹೊಗಳಿದ್ದೇ ಹೊಗಳಿದ್ದು. ಬ್ರೇಕ್ ಎಷ್ಟು ನಯವಾಗಿ ಒತ್ತುತ್ತಾರೆ, ಲೋಟದ ನೀರು ತುಳುಕುವುದಿಲ್ಲ ಎಂದ. ನಾನು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ. ಅಂಕಲ್, “ನೀನು ನಿಶ್ಚಿಂತೆಯಿಂದ ಬ್ರಿಸ್ಬೇನ್‌ಗೆ ಟಿಕೆಟ್ ಮಾಡ್ಸಪ್ಪ” ಎಂದರು. ಮಾಡಿಸಿದೆ.

ನಾನು ಹೊರಡಲು ನಾಲ್ಕು ವಾರವಿದ್ದಾಗ ರಸ್ತೆಯ ಪರೀಕ್ಷೆ. ಅದು ಬುಧವಾರವೂ ಅಲ್ಲ ಶುಕ್ರವಾರವೂ ಅಲ್ಲದ ಗುರುವಾರವೆಂದು ಆಂಟಿ ಖುಷಿಪಟ್ಟಿದ್ದರು. ಅರ್ಧ ಗಂಟೆ ಎಲ್ಲವೂ ಸರಿಯಾಗಿ ನಡೆಯಿತಂತೆ. ಇನ್ನೇನು ಮುಗಿಯಿತು ಎನ್ನುವಾಗ, ಅಂಗಡಿಗಳ ಮುಂದೆ ನಿಂತಿದ್ದ ವ್ಯಾನೊಂದು ದಿಢೀರನೆ ರಸ್ತೆಗೆ ನುಗ್ಗಿತು. ಆಂಟಿ ಬ್ರೇಕ್ ಒತ್ತಿದರು. ಮೆತ್ತಗೆ. ಅದು ಕಲಿಸುವವನ ಕಾರು, ಪಕ್ಕದ ಸೀಟಿಗೂ ಒಂದು ಬ್ರೇಕಿತ್ತು. ಅಲ್ಲಿ ಕೂತಿದ್ದ ಪರೀಕ್ಷಕ ಅದನ್ನು ತುಳಿಯದಿದ್ದರೆ ಗುದ್ದೇಬಿಡುತ್ತಿತ್ತು. ಫೇಲು.

ನಾನು ಆಫೀಸಿನಿಂದ ಓಡಿಬಂದಾಗ ಆಂಟಿ ನನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ. ತಮ್ಮ ಬಲಗಾಲನ್ನೇ ನೋಡುತ್ತಿದ್ದರು.

“ವ್ಯಾನ್ ಕಾಣ್ತು ಕಣಪ್ಪ, ಕಾಣದೆ ಏನಿಲ್ಲ. ನಿಲ್ಲಿಸ್ಬೇಕು ಅಂತಾನೂ ಗೊತ್ತಾಯ್ತು. ಆದ್ರೆ ಕಾಲು ಒತ್ತಲಿಲ್ಲ. ಜೋರಾಗಿ ಒತ್ತಿದ್ರೆ ಜಾರಿಬಿಡತ್ತೆ ಅಂತ ಕಾಲಿಗೆ ಅನ್ನಿಸ್ಬಿಡ್ತು.”

ನನಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಅದು ನನ್ನ ಪಾಠ. ಗೋಡೆಯ ಪಟ್ಟಿಗೆ ಪೆಟ್ಟಾದೀತೆಂದು ನಾನು ಹೇಳಿಕೊಟ್ಟ ಮೆತ್ತಗೆಯನ್ನು ಅವರು ರಸ್ತೆಯವರೆಗೂ ಒಯ್ದಿದ್ದರು. ಪಕ್ಕದಲ್ಲಿ ಪರೀಕ್ಷಕನ ಬದಲು ಅಂಕಲ್ ಕೂತಿದ್ದರೆ? ನನಗೆ ನನ್ನ ಮೇಲೆ ಅಸಹ್ಯವಾಯಿತು. ತಪ್ಪು ನಂದೇ ಆಂಟಿ, ಬ್ರಿಸ್ಬೇನ್‌ನವರಿಗೆ ಇನ್ನೆರಡು ತಿಂಗಳು ಕಾಯಲು ಹೇಳುತ್ತೇನೆ, ಕಾಯದಿದ್ದರೆ ಆ ಕೆಲಸವೇ ಬೇಡ ಎಂದೆ.

ಆಂಟಿ ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. “ಬಾಯ್ಮುಚ್ಚು. ನೀನು ಎರಡು ತಿಂಗಳು ಇದ್ದು ಆಮೇಲೆ ಹೋಗ್ತೀಯ, ಅಷ್ಟೇ ತಾನೇ? ಅವತ್ತೂ ಇವರನ್ನ ಕರ್ಕೊಂಡು ಹೋಗೋಳು ನಾನೇ. ನನ್ನ ಕಾಲು ಸರಿಯಾಗ್ಬೇಕೇ ಹೊರತು ನಿನ್ನ ಟಿಕೆಟ್ ಅಲ್ಲ” ಎಂದು ಎದ್ದರು. ಎದ್ದವರು ನೇರ ಒಳಗೆ ಹೋಗಿ, ಸೆರಗು ಸಿಕ್ಕಿಸಿ, ಮೇಜಿನ ಕೆಳಗೆ ಬಗ್ಗಿ ಪೆಡಲ್ ಪೆಟ್ಟಿಗೆಯನ್ನು ತಿರುಗ ಮುರುಗ ಮಾಡಿ ನೋಡಿದರು. ಕುರ್ಚಿಯನ್ನು ಒಮ್ಮೆ ತಳ್ಳಿದರು. “ಹೂಂ” ಎಂದು ಮನೆಗೆ ಹೋದರು.

ಮರುದಿನ ಆಸ್ಪತ್ರೆಯಿಂದ ಬಂದವರು ಕೈಯಲ್ಲಿ ಈಳಿಗೆ ಮಣೆ ಹಿಡಿದು ನನ್ನ ಮನೆಗೆ ಬಂದರು. ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ, ಮುಂದೆ ಕಾಯಿ ತುರಿಯುವ ಹಲ್ಲಿರುವ ಮಣೆ. ಟೈಲ್ಸ್ ಮೇಲಿಟ್ಟು, ಅದರ ಮೇಲೆ ಕೂತು, ಅರ್ಧ ಹೋಳು ತೆಂಗಿನಕಾಯಿಯನ್ನು ಬರಬರನೆ ತುರಿದು ತೋರಿಸಿದರು.

“ಜಾರ್ತಾ?”

“ಇಲ್ಲ.”

“ಯಾಕೆ?”

ನಾನು ಘರ್ಷಣೆ, ಮೇಲ್ಮೈ ಎಂದು ಏನೋ ಶುರುಮಾಡಿದೆ.

“ಅಯ್ಯೋ ನಿನ್ನ! ನಾನು ಅದರ ಮೇಲೆ ಕೂತಿದ್ದೀನಿ ಕಣೋ. ಒತ್ತೋ ಕೈಯೂ ನಂದೇ, ಮಣೆ ಹಿಡಿಯೋ ಭಾರಾನೂ ನಂದೇ. ನೀನು ಕುರ್ಚಿ ಒಂದು ಕಡೆ ಇಟ್ಟಿದ್ದೀಯ, ಬ್ರೇಕು ಒಂದು ಕಡೆ ಇಟ್ಟಿದ್ದೀಯ. ಕಾಲು ಅದನ್ನ ಮುಂದಕ್ಕೆ ತಳ್ಳತ್ತೆ, ಬೆನ್ನು ಇದನ್ನ ಹಿಂದಕ್ಕೆ ತಳ್ಳತ್ತೆ. ನೆಲಕ್ಕೆ ಎಷ್ಟು ಮ್ಯಾಟ್ ಹಾಸಿದ್ರೇನು ಬಂತು? ಎರಡನ್ನೂ ಒಂದೇ ಮಣೆ ಮೇಲೆ ಕೂರಿಸು. ಆಮೇಲೆ ಅದು ಎಲ್ಲಿಗೆ ಓಡತ್ತೆ ನೋಡ್ತೀನಿ.”

ನಾನು ಎಂಜಿನಿಯರಿಂಗ್‌ನಲ್ಲಿ ಕ್ರಿಯೆ ಪ್ರತಿಕ್ರಿಯೆಗಳ ಮೇಲೆ ಪುಟಗಟ್ಟಲೆ ಬರೆದು ಅಂಕ ತೆಗೆದವನು. ಕಾರಿನ ಕೀ ತೆಗೆದುಕೊಂಡೆ.

ಹಾರ್ಡ್‌ವೇರ್ ಅಂಗಡಿಯಿಂದ ಐದಡಿ ಉದ್ದದ ದಪ್ಪ ಪ್ಲೈವುಡ್ ಹಲಗೆ ತಂದೆವು. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ. ಅಂಕಲ್ ಡಯಾಲಿಸಿಸ್‌ನ ಎಡಗೈಯನ್ನು ಮಡಿಲಲ್ಲಿ ಜೋಪಾನವಾಗಿಟ್ಟುಕೊಂಡು, ಬಲಗೈಯಲ್ಲಿ ಟೇಪು ಹಿಡಿದು ಅಳತೆ ಕೂಗಿದರು. ಗಾಲಿಯ ಕುರ್ಚಿ ಬೇಡವೆಂದು ಆಂಟಿ ತಮ್ಮ ಊಟದ ಮೇಜಿನ ಮರದ ಕುರ್ಚಿಯನ್ನೇ ತಂದರು. ಅದರ ನಾಲ್ಕು ಕಾಲಿನ ಸುತ್ತ ಹಲಗೆಯ ಮೇಲೆ ಮರದ ಪಟ್ಟಿ ಬಡಿದರು, ಕುರ್ಚಿ ಅತ್ತಿತ್ತ ಅಲುಗದ ಹಾಗೆ. ಮುಂದಿನ ತುದಿಗೆ ಪೆಡಲ್ ಪೆಟ್ಟಿಗೆಯನ್ನು ಸ್ಕ್ರೂ ಹಾಕಿ ಬಿಗಿದರು. ಡ್ರಿಲ್ ಹಿಡಿದದ್ದೂ ಅವರೇ, ನನ್ನ ಕೆಲಸ ಸ್ಕ್ರೂ ಎತ್ತಿಕೊಡುವುದು. ಟೈಲ್ಸ್ ಗೀರಾಗಬಾರದೆಂದು ಹಲಗೆಯ ಕೆಳಗೆ ಹಳೇ ಜಮಖಾನ ಮಡಿಸಿ ಹಾಸಿದರು. “ನಿನ್ನ ಏಜೆಂಟಮ್ಮಂಗೆ ಹೇಳು, ನೆಲಕ್ಕೆ ಹಾಸಿಗೆ ಹಾಸಿದ್ದೀವಿ ಅಂತ.”

ಆಂಟಿ ಕುರ್ಚಿಯ ಮೇಲೆ ಕೂತು ಬ್ರೇಕಿನ ಮೇಲೆ ಬರಿಗಾಲಿಟ್ಟರು. ಇಟ್ಟರೂ ಒತ್ತಲಿಲ್ಲ. ಕಾಲು ಇನ್ನೂ ಹೆದರುತ್ತಿತ್ತು.

“ಒದಿಯೇ!” ಎಂದರು ಅಂಕಲ್. “ನಲವತ್ತು ವರ್ಷದಿಂದ ನನ್ನ ಮೇಲೆ ಇರೋ ಸಿಟ್ಟನ್ನೆಲ್ಲ ಹಾಕಿ ಒದಿ!”

ಒದ್ದರು. ಹಲಗೆ ಮಿಸುಕಲಿಲ್ಲ. ಇನ್ನೊಮ್ಮೆ ಒದ್ದರು. ಕುರ್ಚಿ ಕಿರ್ರೆಂದಿತು, ಅಷ್ಟೇ. ಆಂಟಿ ಜೋರಾಗಿ ನಕ್ಕುಬಿಟ್ಟರು, ಹಲ್ಲೆಲ್ಲ ಕಾಣುವ ಹಾಗೆ. ಅಷ್ಟು ದಿನದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಅಲ್ಲಿಂದ ಮೂರು ವಾರ ಕಾಲಿಗೆ ಮರುಪಾಠ. ಆಂಟಿ ಆಟದ ಕಾರು ಓಡಿಸುತ್ತಿರುವಾಗ ನಾನು ಹಿಂದೆ ನಿಂತು, ಇದ್ದಕ್ಕಿದ್ದಂತೆ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸುವುದು. ಬಾರಿಸಿದ ಕೂಡಲೇ ಅವರು ಬ್ರೇಕನ್ನು ಕೊನೆಯವರೆಗೆ ತುಳಿಯಬೇಕು. ಮೊದಲ ದಿನ ಕಾಲು ನಡುದಾರಿಯಲ್ಲೇ ನಿಲ್ಲುತ್ತಿತ್ತು. ಸಾರು ಕುದಿಯುವಾಗ, ಮಗಳೊಡನೆ ಫೋನಿನಲ್ಲಿ ಮಾತಾಡುವಾಗ ಕೂಡ ಅಂಕಲ್ ತಟ್ಟೆ ಬಾರಿಸತೊಡಗಿದರು. “ಒಲೆ ಮುಂದೆ ಎಲ್ಲಿ ರೀ ಬ್ರೇಕು?” ಎಂದು ಆಂಟಿ ರೇಗುವರು, ಆದರೆ ಬಲಗಾಲು ನೆಲವನ್ನು ಆಗಲೇ ತುಳಿದಿರುತ್ತಿತ್ತು.

ಎರಡನೆಯ ಪರೀಕ್ಷೆಗೆ ದಿನ ಸಿಕ್ಕಿದ್ದು ನಾನು ಹೊರಟ ಮೇಲಿನ ಗುರುವಾರ. ಶನಿವಾರ ನನ್ನ ವಿಮಾನ. ಸಾಮಾನೆಲ್ಲ ಹೋಗಿತ್ತು, ಆ ಹಲಗೆಯೊಂದನ್ನು ಅವರ ಮನೆಯಲ್ಲೇ ಬಿಟ್ಟಿದ್ದೆ. ಆಂಟಿ ಚಟ್ನಿಪುಡಿಯ ಡಬ್ಬಿ ಕೈಗಿಟ್ಟು, “ಹೋಗಿ ಬಾ. ಫೋನ್ ಮಾಡಿ ಮಾಡಿ ಪ್ರಾಣ ತಿನ್ಬೇಡ, ನಾವೇ ಮಾಡ್ತೀವಿ” ಎಂದರು. ಅಂಕಲ್ ಬಾಗಿಲವರೆಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಸೋಮವಾರ, ಬುಧವಾರ ಅವರು ಟ್ಯಾಕ್ಸಿಯಲ್ಲಿ ಹೋದರು. ಅದು ನನಗೆ ಗೊತ್ತಿತ್ತು. ಹೊಸ ಆಫೀಸಿನಲ್ಲಿ ಕೂತು ಆ ಎರಡು ದಿನ ನಾನೇನು ಕೆಲಸ ಮಾಡಿದೆನೋ ದೇವರಿಗೇ ಗೊತ್ತು.

ಗುರುವಾರ ಮಧ್ಯಾಹ್ನ ಫೋನ್ ಬಂತು. ಅಂಕಲ್‌ರ ದನಿ.

“ಲೋ, ನಮ್ಮನೆ ಡ್ರೈವರ್‌ಗೆ ಕೆಲಸ ಪರ್ಮನೆಂಟ್ ಆಯ್ತು ಕಣೋ!”

ದಾರಿಯಲ್ಲಿ ನಾಯಿಯೊಂದು ಅಡ್ಡ ಬಂದಿತಂತೆ. ಆಂಟಿ ತುಳಿದ ತುಳಿತಕ್ಕೆ ಪರೀಕ್ಷಕನ ಕೈಯಲ್ಲಿದ್ದ ಪ್ಯಾಡು ಹಾರಿ ಮುಂದೆ ಬಿತ್ತಂತೆ. ನಾಯಿ ಬಾಲ ಅಲ್ಲಾಡಿಸಿಕೊಂಡು ಹೋಯಿತಂತೆ. ನಾನು ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು ಒಬ್ಬನೇ ನಕ್ಕೆ, ಕಣ್ಣೊರೆಸಿಕೊಂಡೆ.

ಆಂಟಿ ನಾಲ್ಕು ವರ್ಷ ಕಾರು ಓಡಿಸಿದರು. ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ. ಫೋನಿನಲ್ಲಿ ಅವರ ಜಂಬ ಕೇಳಬೇಕಿತ್ತು. “ಈ ಆರ್ವೋ ನಾನೇ ಸರ್ವೋಗೆ ಹೋಗಿ ಪೆಟ್ರೋಲ್ ಹಾಕ್ಕೊಂಡ್ ಬಂದ್ಬಿಟ್ಟೆ ಕಣಪ್ಪ” ಎನ್ನುವರು, ಹುಟ್ಟಿದಾಗಿನಿಂದ ಮಧ್ಯಾಹ್ನಕ್ಕೆ ಆರ್ವೋ ಎಂದೂ ಪೆಟ್ರೋಲ್ ಬಂಕಿಗೆ ಸರ್ವೋ ಎಂದೂ ಅಂದುಕೊಂಡು ಬಂದವರ ಹಾಗೆ. ಅಂಕಲ್ ಕಾರಿನಲ್ಲಿ ವಾಂತಿ ಮಾಡಿಕೊಂಡರೆ ಪಕ್ಕಕ್ಕೆ ನಿಲ್ಲಿಸಿ, ಒರೆಸಿ, ನೀರು ಕುಡಿಸಿ ಮತ್ತೆ ಹೊರಡುವರು. ಅದನ್ನು ಅವರು ಹೇಳಿದವರಲ್ಲ, ಅಂಕಲ್ ಹೇಳಿದ್ದು.

ಹದಿನೆಂಟರ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಆಂಟಿ ವಿಲೆಟನ್‌ಗೆ, ಮಗಳ ಮನೆಗೆ ಹೋದರು. ಮರುವರ್ಷ ಆಫೀಸಿನ ಕೆಲಸದ ಮೇಲೆ ಪರ್ತ್‌ಗೆ ಹೋದಾಗ ನೋಡಲು ಹೋದೆ. ಹಿತ್ತಿಲಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ಹೈಸ್ಕೂಲಿನ ಮೊಮ್ಮಗಳು ಬಂದು ಇಂಗ್ಲಿಷಿನಲ್ಲಿ ನನ್ನನ್ನು ಮಾತಾಡಿಸಿ, ಅಜ್ಜಿಯ ತಲೆಗೊಂದು ಮುತ್ತು ಕೊಟ್ಟು ಹೋದಳು.

“ಇಲ್ಲಿ ಕಾರು ಓಡಿಸಲ್ವಾ ಆಂಟಿ?” ಎಂದೆ.

“ಯಾರನ್ನ ಕೂರಿಸ್ಕೊಂಡು ಓಡಿಸ್ಲಿ?”

ಕೈಯಲ್ಲಿದ್ದ ಕಾಯಿ ಬಿಡಿಸಿದರು. ಆಮೇಲೆ ತಾವೇ ಶುರುಮಾಡಿದರು.

“ನಾಲ್ಕು ವರ್ಷ ಓಡಿಸಿದ್ನಲ್ಲ, ನಿಮ್ಮಂಕಲ್ ಒಂದು ದಿನಾನೂ ನನ್ನ ನಂಬಲಿಲ್ಲ ಗೊತ್ತಾ? ಪಕ್ಕದಲ್ಲಿ ಕೂತು ತಾವೂ ಬ್ರೇಕ್ ಒತ್ತೋರು. ಅಲ್ಲೇನಿದೆ, ಬರೀ ಮ್ಯಾಟು. ಕೆಂಪು ದೀಪ ಕಂಡ್ರೆ ಸಾಕು, ಎರಡೂ ಕಾಲು ನೆಟ್ಟಗೆ ಚಾಚಿ, ದಬ್ ಅಂತ. ನಾನು ನೋಡಿದ್ರೂ ನೋಡ್ದೆ ಇರೋ ಹಾಗೆ ಇರ್ತಿದ್ದೆ. ಪಾಪ, ತಾವೇ ಓಡಿಸ್ತಿದ್ದವರು. ಆ ಕೊನೇ ಶುಕ್ರವಾರ, ಅದಾಗಿ ಎರಡು ದಿನಕ್ಕೆ ಹೋದ್ರಲ್ಲ, ಅವತ್ತು ಸಿಗ್ನಲ್ಲಲ್ಲಿ ನಿಲ್ಲಿಸ್ದೆ. ಪಕ್ಕದಿಂದ ಕಾಲಿನ ಸದ್ದೇ ಇಲ್ಲ. ಎದೆ ಧಸಕ್ ಅಂತು ನಂಗೆ. ತಿರುಗಿ ನೋಡ್ತೀನಿ, ಗೊರಕೆ ಹೊಡೀತಿದಾರೆ!”

ಆಂಟಿ ನಕ್ಕರು. ನಾನೂ ನಕ್ಕೆ.

“ಆಸ್ಪತ್ರೆ ಬಂತು, ಪಾರ್ಕ್ ಮಾಡ್ದೆ. ಎಬ್ಬಿಸ್ಬೇಕು, ಟೈಮಾಗಿದೆ. ಆದ್ರೆ ಎಬ್ಬಿಸೋಕೆ ಮನಸ್ಸೇ ಬರಲಿಲ್ಲ ಕಣಪ್ಪ. ನಾನು ಓಡಿಸ್ತಾ ಇದ್ದಾಗ ನಿದ್ದೆ ಮಾಡಿದಾರೆ ನೋಡು, ನಾನು ಓಡಿಸ್ತಾ ಇದ್ದಾಗ, ಅಂತ ಹಾಗೇ ಕೂತ್ಬಿಟ್ಟೆ. ಇಪ್ಪತ್ತು ನಿಮಿಷ. ಆಮೇಲೆ ತಾವೇ ಎದ್ರು. ಒಳಗೆ ಹೋದ್ರೆ ಆ ನರ್ಸು ಕೇಳಿದ್ಲು, ಯಾವತ್ತೂ ಲೇಟಾಗಲ್ಲವಲ್ಲ ನೀವು, ದಾರೀಲಿ ಟ್ರಾಫಿಕ್ಕಾ ಅಂತ.”

ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೊಂದು ಕಾಯಿ ಕೈಗೆತ್ತಿಕೊಂಡರು.

“ಹೂಂ, ತುಂಬಾ ಟ್ರಾಫಿಕ್ಕು ಅಂದೆ.”